ಕನ್ನಡಿ ಹೊತ್ತು ದುರ್ಗಿಗುಡಿಗೆ

ಎದುರಿಗೆ ಬಂದವರಿಗೆ ಯಾವ ಕಡೆ ಬಿಡಬೇಕು?
ಎಡಕ್ಕೆ ನಡೀರಿ ಅಂದಿದ್ದರು ಒಂದನೇ ಕ್ಲಾಸಿನ ಫ್ಲೋರಿನ್ ಮಿಸ್ಸು.
ಶಿವಮೊಗ್ಗದ ಫುಟ್‌ಪಾತಿಗೆ ಆ ಪಾಠ ಇನ್ನೂ ಬಂದಿಲ್ಲ.
ಎಡಕ್ಕೆ ಸರಿದರೆ ಪಾನಿಪುರಿ ಗಾಡಿ,
ಬಲಕ್ಕೆ ಸರಿದರೆ ಸ್ಟ್ಯಾಂಡ್ ಹಾಕಿದ ಬೈಕು, ಸೀಟಿನ ಮೇಲೆ ಬೆಕ್ಕು,
ನಡುವೆ ಚಪ್ಪಡಿ ಕಿತ್ತುಹೋದ ಚರಂಡಿಯ ಬಾಯಿ.
ಉಳಿದ ಒಂದೂವರೆ ಅಡಿಯಲ್ಲಿ
ನಾನೂ, ಎದುರಿನವರೂ.

ಆ ಕುಣಿತ ನಿಮಗೂ ಗೊತ್ತು.
ನಾನು ಈ ಕಡೆ, ಅವರೂ ಈ ಕಡೆ.
ಅಯ್ಯೋ ಅಂತ ಆ ಕಡೆ, ಅವರೂ ಆ ಕಡೆ.
ಗಂಡಹೆಂಡಿರೂ ಇಷ್ಟು ಹೊಂದಿಸಿ ಹೆಜ್ಜೆ ಹಾಕಲಾರರು.
ಮೂರನೇ ಸಲಕ್ಕೆ ಇಬ್ಬರಿಗೂ ನಗು ಬರುತ್ತೆ.
ಬರುತ್ತೆ ಅಂತಾರೆ.
ನನ್ನದು ಅಲ್ಲಿಯವರೆಗೆ ಹೋಗುವುದೇ ಇಲ್ಲ,
ಮೊದಲ ಸಲಕ್ಕೇ ಕಾಲು ರಸ್ತೆಗೆ ಇಳಿದಿರುತ್ತೆ
ನನ್ನ ಕೇಳದೆ.

ದ್ಯಾವಜ್ಜಿಯ ಕಾಲು ಅದು.
ಹೊಸನಗರದ ಆಚೆ, ಗದ್ದೆಯಂಚಿನ ಮೇಲೆ,
ತಲೆಯಲ್ಲಿ ಸೊಪ್ಪಿನ ಹೊರೆ,
ದೂರದಲ್ಲಿ ಒಂದು ಬಿಳಿ ಪಂಚೆ ಕಂಡರೆ ಸಾಕು
ಅವಳು ಎಡಕ್ಕೂ ಹೋಗಲಿಲ್ಲ, ಬಲಕ್ಕೂ ಹೋಗಲಿಲ್ಲ.
ಕೆಳಗೆ ಹೋದಳು.
ಮೊಣಕಾಲುದ್ದ ಕೆಸರಲ್ಲಿ, ಹೊರೆ ಅಲುಗದಂತೆ,
ಬಿಸಿಲು ಯಾವ ಕಡೆಯಿದೆ ನೋಡಿಕೊಂಡು,
ತನ್ನ ನೆರಳು ಅಂಚಿನ ಮೇಲೆ ಬೀಳದ ಹಾಗೆ.
ಎಡ ಬಲ ಅವಳಿಗೂ ಗೊತ್ತಿತ್ತು,
ಎಡದೆತ್ತು, ಬಲದೆತ್ತು, ಅಷ್ಟರ ಮಟ್ಟಿಗೆ.

ಹೋದ ಶನಿವಾರ ಪಾರ್ಲರಿಗೆ ಹೊಸ ಕನ್ನಡಿ.
ಹಳೆಯದರಲ್ಲಿ ಯಾರೇ ಕೂತರೂ ಹಣೆಗೊಂದು ಕಪ್ಪು ಕಲೆ.
ಗಾಂಧಿ ಬಜಾರಿನ ಇಲಾಹಿ ಸಾಬರು
ಮೂರಡಿ ಎರಡಡಿ ಕೊಯ್ದು, ಅಂಚು ಉಜ್ಜಿ, ಪೇಪರು ಸುತ್ತಿ ಕೊಟ್ಟರು.
ಗೋಪಿ ಸರ್ಕಲ್ ಮುಟ್ಟುವಷ್ಟರಲ್ಲಿ ಪೇಪರು ಹರಿದು ಹಾರಿತು.
ಒಡೆದರೆ ನಮ್ಮ ಕೇಳಬೇಡಿ ಅಂದರು ಆಟೋದವರು.
ಎದೆಗೆ ಅವುಚಿಕೊಂಡೆ, ಅದರ ಮುಖ ಹೊರಗೆ ಮಾಡಿ.
ಕಾಲಿಗೆ ಮೊದಲೇ ಹೇಳಿದೆ:
ಇವತ್ತು ಇಳಿದರೆ ಎರಡು ಸಾವಿರದ ನಾನೂರು ರೂಪಾಯಿ.

ದೂರದಿಂದ ಬಂದರೊಬ್ಬರು.
ಇಸ್ತ್ರಿ ಮಾಡಿದ ಬಿಳಿ ಶರ್ಟು, ಕಂಕುಳಲ್ಲಿ ಫೈಲು,
ದಾರಿಯನ್ನು ಯಾರ ಹತ್ತಿರವೂ ಕೇಳಿ ಅಭ್ಯಾಸವಿಲ್ಲದ ನಡಿಗೆ.
ನಾನು ನಿಂತೆ.
ಹತ್ತಿರ ಬಂದ ಮೇಲೆ ಕನ್ನಡಿ ಅಡ್ಡ,
ಕೆಳಗಿನಿಂದ ನನಗೆ ಕಂಡಿದ್ದು ಅವರ ಚಪ್ಪಲಿ ಮಾತ್ರ.
ಎಡಕ್ಕೆ ಹೋಯಿತು.
ಬಲಕ್ಕೆ ಬಂತು. ಮತ್ತೆ ಎಡಕ್ಕೆ.
ಒಳಗಿದ್ದವನೂ ಪಟ್ಟು ಬಿಡದೆ ಅದೇ ಕಡೆಗೆ ಬಂದಿರಬೇಕು.
ನಿಂತಿತು.
ಅಷ್ಟು ಹೊತ್ತು ಏನು ಕಂಡರೋ,
ಕ್ರಾಪು ಸರಿಮಾಡಿಕೊಂಡರೋ,
ಹಲ್ಲಿಗೆ ಸಿಕ್ಕಿದ್ದ ಕೊತ್ತಂಬರಿ ತೆಗೆದರೋ.
ಸಾರಿ ಅಂದರು. ಯಾರಿಗೆ ಅಂದರೋ.
ಆಮೇಲೆ ಬಲಗಾಲು ಮೊದಲು, ಹೊಸ ಮನೆ ಹೊಕ್ಕ ಹಾಗೆ,
ಚಪ್ಪಲಿ ರಸ್ತೆಗೆ ಇಳಿಯಿತು.
ಅಲ್ಲಿ ಸ್ವಲ್ಪ ನೀರು ನಿಂತಿತ್ತು.

ಥ್ಯಾಂಕ್ಸ್ ಹೇಳಲಿಲ್ಲ. ಕನ್ನಡಿ ಭಾರ ಇತ್ತು.
ಹತ್ತು ಹೆಜ್ಜೆ ದಾಟಿ ತಿರುಗಿ ನೋಡೋಣ ಅನ್ನಿಸಿತು,
ನಾನು ತಿರುಗಿದರೆ ಕನ್ನಡಿಯೂ ತಿರುಗಬೇಕು,
ಅಂಗಡಿ ಸಾಲು, ಆಕಾಶ, ಪಾನಿಪುರಿ ಗಾಡಿ
ಎಲ್ಲವೂ ಗರ್ರನೆ ತಿರುಗಬೇಕು.
ಬೇಡ ಅಂತ ನಡೆದೆ.
ಅಜ್ಜೀ, ತೋಳು ಎರಡು ದಿನ ನೋಯುತ್ತಿತ್ತು.

ಸೋಮವಾರ ಬೆಳಗ್ಗೆ ಅದೇ ಒಂದೂವರೆ ಅಡಿಯಲ್ಲಿ
ತಲೆ ಮೇಲೆ ಬುಟ್ಟಿ ಹೊತ್ತ ಹೆಂಗಸು.
ಸಬ್ಬಸಿಗೆ, ಮೆಂತ್ಯ, ಬುಟ್ಟಿಯಿಂದ ನೀರು ತೊಟ್ಟಿಕ್ಕಿ ಕಿವಿಯ ಹಿಂದೆ ಹರಿಯುತ್ತಿತ್ತು.
ಕಾಲು ಕೇಳಿತು. ಈ ಸಲ ಕೇಳಿತು:
ಇಳಿಯಲಾ?
ಇಳಿ ಅಂದೆ.
ಅವಳು ನನ್ನ ಕಡೆ ನೋಡಲೂ ಇಲ್ಲ,
ಸೊಪ್ಪೂ ಅಂತ ಕೂಗಿಕೊಂಡು
ನಟ್ಟನಡುವೆ ನಡೆದು ಹೋದಳು.